ಕಾಲು

ಬೆಳಗಾವಿ ಕ್ಯಾಂಪಿನ ಬೇಕರಿ ಸಾಲಿನ ಕೊನೆಗೆ
ಭರಮಣ್ಣನ ಅಂಗಡಿ. ನಾನು ಕಾಜಾ-ಗುಂಡಿ ಹುಡುಗ,
ಶಾಲೆ ಬಿಟ್ಟು ಒಂದು ಮಳೆಗಾಲ ಆಗಿತ್ತು.
ಟೇಪು ಅವನ ಕೈಯಲ್ಲಿ, ಪೆನ್ಸಿಲು ನನ್ನ ಕೈಯಲ್ಲಿ.
‘ಎದಿ ಮೂವತ್ನಾಕೂ ಕಾಲು.
ತೋಳು ಒಂಬತ್ತೂ ಕಾಲು. ಬರಕೋ.’
ದಿನಕ್ಕೆ ಎಷ್ಟು ಸಲ ಅನ್ನುತ್ತಿದ್ದನೋ ಆ ಮಾತು,
ಒಂದೇ ಕಾಲಲ್ಲಿ ಮಿಷನ್ನು ತುಳಿಯುವ ಮನುಷ್ಯ.

ಇನ್ನೊಂದು ಇಟಲಿಯಲ್ಲಿ ಉಳಿದಿತ್ತು.
ಸಂಗ್ರೋ ಅಂತ ಒಂದು ಹೊಳೆ.
ನಮ್ಮ ಮಾರ್ಕಂಡೇಯಕ್ಕಿಂತ ಭಾಳ ದೊಡ್ಡದೇನಲ್ಲ, ಕೆಸರು ಜಾಸ್ತಿ,
ಅಷ್ಟೇ ಹೇಳಿ
ಸೂಜಿಗೆ ದಾರ ಪೋಣಿಸುತ್ತಿದ್ದ.

ಡಬ್ಬಿಯಲ್ಲಿ, ಬಾಬಿನ್ನುಗಳ ನಡುವೆ, ಒಂದು ಕಂದು ನಾಣ್ಯ.
ಒಂದು ಬದಿಗೆ ರಾಜನ ತಲೆ, ಕುತ್ತಿಗೆಗೇ ಮುಗಿದದ್ದು.
ಇನ್ನೊಂದು ಬದಿಗೆ ಬಾಲ ಎತ್ತಿ ನಿಂತ ಪುಟ್ಟ ಹಕ್ಕಿ.
‘ಸಿಂಪಿಗ್ಯಾನ ಹಕ್ಕಿ. ವಿಲಾಯತಿಯಾಗೂ ಅದಾವ.’
ಅಲ್ಲವಂತೆ. ಅದು ಬೇರೆ ಹಕ್ಕಿ, ಎಲೆ ಹೊಲಿಯುವುದಿಲ್ಲ.
ನನಗಿದು ತಿಳಿಯುವ ಹೊತ್ತಿಗೆ
ಹೇಳೋಣವೆಂದರೆ ಅವನಿರಲಿಲ್ಲ.

ಜಾಕೀಟಿನ ಅರಿವೆ ಮೇಲೆ ಅದನ್ನಿಟ್ಟು
ಸುತ್ತಲೂ ಸೀಮೆಸುಣ್ಣ ಎಳೆದು
ಬಟ್ಟೆಗುಂಡಿಗೆ ಬಿಲ್ಲೆ ಕತ್ತರಿಸುವುದು ನನ್ನ ಕೆಲಸ.
‘ಇದರ ಹೆಸರೇನ್ರಿ?’
‘ಫಾರ್ದಿಂಗು.’
‘ಹಂಗಂದ್ರ?’
‘ಹಂಗಂದ್ರ ಹಂಗ. ಭರಮಾ ಅಂದ್ರ ಏನಲೇ, ಹೇಳು ನೋಡೂಣು.’

ಫ್ರಾಕಿನ ಸೊಂಟ ಸಡಿಲಿಸಲು ಬಂದಿದ್ದಳು ಕುಟಿನ್ಹೊ ಬಾಯಿ,
ಮೂವತ್ತು ವರ್ಷ ಪರರ ಪತ್ರಗಳನ್ನು ಟೈಪಿನಲ್ಲಿ ಬಡಿದವಳು,
ಶಬ್ದ ಸಿಕ್ಕರೆ ಬೇರು ಕೆದಕುವ ಚಟ.
ಕನ್ನಡ ಮರಾಠಿ ಕೊಂಕಣಿ ಕಲಸಿ ಹೇಳಿದಳು:
ಹಿಂದಕ್ಕೆ, ಭಾಳ ಹಿಂದಕ್ಕೆ, ಅವರ ಬೆಳ್ಳಿ ಪೆನ್ನಿಯ ಬೆನ್ನ ಮೇಲೆ
ಶಿಲುಬೆ ಇರುತ್ತಿತ್ತು.
ಚಿಲ್ಲರೆ ಇಲ್ಲವೆಂದರೆ ಆ ಗೆರೆ ಹಿಡಿದೇ ಕತ್ತರಿಸುವುದು,
ರೊಟ್ಟಿ ಮುರಿದ ಹಾಗೆ, ನಾಲ್ಕು ಹೋಳು.
ಒಂದೊಂದು ಹೋಳಿಗೂ ನಾಲ್ಕನೆಯದು ಎಂದು ಹೆಸರು.
ನಾಲ್ಕನೆಯದು, ನಾಲ್ಕನೆಯದು,
ಬಾಯಿಂದ ಬಾಯಿಗೆ ಸವೆದು ಫಾರ್ದಿಂಗು.
ಆಮೇಲೆ ಬೇರೆಯೇ ದುಂಡಗೆ ಮಾಡಿದರು, ಹಕ್ಕಿ ಕೂರಿಸಿದರು,
ಹೆಸರು ಮಾತ್ರ ತುಂಡಿನದೇ ಉಳಿಯಿತು.
‘ಈಗ ಅಲ್ಲಿಯೂ ನಡಿಯೂದಿಲ್ಲ ಭರಮಣ್ಣಾ, ಬಂದ್ ಆಯ್ತು.’

‘ನಮ್ಮ ಪಾವಲಿ ಇದ್ದಂಗ,’ ಅಂದೆ ನಾನು.
‘ಕಾಲು,’ ಅಂದ ಭರಮಣ್ಣ.
ಮಿಷನ್ನು ನಿಂತಿತು.

ಆಮೇಲೆ ನಕ್ಕ. ಇಸ್ತ್ರಿ ಮೇಜು ಅಲುಗುವ ಹಾಗೆ,
ಬಾಯಿ ಹೆದರಿ ಎದೆಯ ಮೇಲೆ
ಶಿಲುಬೆ ಬರೆದುಕೊಳ್ಳುವ ತನಕ ನಕ್ಕ.
‘ಕಾಲು ಕೊಟ್ಟು ಕಾಲು ತಂದೇನಿ ನಾ!
ಇಪ್ಪತ್ತು ವರ್ಷಾತು. ಲೆಕ್ಕ ಬರೋಬ್ಬರಿ ಐತಿ ಅಂತ
ಇವತ್ತ ತಿಳೀತು ನೋಡಲೇ.’

ಅಂದೇ ಒಂದು ದಿನ ಹೇಳಿದ್ದು:
ದವಾಖಾನೆಯಲ್ಲಿ ಪಕ್ಕದ ಮಂಚದ ಗೋರಾ ಹುಡುಗ,
ಮೀಸೆ ಇನ್ನೂ ಮೂಡದವ,
ಇಸ್ಪೀಟಿನಲ್ಲಿ ಸೋತು ಕೊಟ್ಟದ್ದು.
ಅವನಿಗೆ ಕಾಲೆರಡೂ ಇದ್ದವು, ಕಣ್ಣಿಗೆ ಪಟ್ಟಿ.
ರಾಜಾ, ರಾಣಿ, ಒಂಬತ್ತು, ಅವನ ಎಲೆ ಅವನಿಗೆ
ಫೌಜಿ ಇಂಗ್ಲೀಷಿನಲ್ಲಿ ಓದಿ ಹೇಳುತ್ತಿದ್ದವ ಭರಮಣ್ಣನೇ.
‘ಹಂಗಾದ್ರ ನೀವು...’
‘ಹೂಂ. ಮೋಸ ಮಾಡೇ ಗೆದ್ದೆ. ಅವಗೂ ಗೊತ್ತಿತ್ತು.’
ಮುಂಜಾನೆ ನೋಡಿದರೆ ಹಾಸಿಗೆ ಮಡಚಿಟ್ಟಿತ್ತು.
ಸಾಗಿಸಿದರೋ, ಮತ್ತೇನೋ, ಕೇಳುವಷ್ಟು ಭಾಷೆ ಇರಲಿಲ್ಲ.

ಮಿಷನ್ನು ಮತ್ತೆ ಶುರುವಾಯಿತು.

ಒಂದ ಕಾಲ ಕಾಲು, ಎರಡ ಕಾಲ ಅರ್ಧ,
ಮೂರ ಕಾಲ ಮುಕ್ಕಾಲು, ನಾಕ ಕಾಲ ಒಂದು:
ಶಾಲೆಯಿಂದ ನನ್ನ ಜೊತೆ ಬಂದದ್ದು ಈ ಮಗ್ಗಿ ಒಂದೇ.
ನಾಲ್ಕು ಕೂಡಿದರೆ ಒಂದು, ಸರಿ.
ಉಳಿದ ಮೂರು ಯಾರ ಡಬ್ಬಿಯಲ್ಲಿವೆಯೋ.

ಅಂಗಡಿ ಈಗ ನನ್ನದು. ಬಟ್ಟೆಗುಂಡಿ ಯಾರೂ ಕೇಳುವುದಿಲ್ಲ.
ಟೇಪು ಹಿಡಿದು ಅಳತೆ ಕೂಗುತ್ತ ಹೋಗುತ್ತೇನೆ,
ಒಮ್ಮೊಮ್ಮೆ ನಾಲಿಗೆ ಅಲ್ಲೇ ತಡೆಯುತ್ತದೆ,
ಪೆನ್ಸಿಲು ಎತ್ತಿ ಹುಡುಗ ಕಾಯುತ್ತಾನೆ:
‘ಮೂವತ್ತೆಂಟೂ...?’